ಮೈಕ್ರೊರಾಂಟ್‌ಜೆನ್‌ನಿಂದ ನ್ಯಾನೊಗ್ರೇವರೆಗೆ: ಉಳ್ಳಾಲದ ಮರಳು, ಕೈಗಾದ ನೀರು

1989ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಕಾಳಿ ಕಣಿವೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದ ಕಟ್ಟಡ ಕೆಲಸ ಶುರುವಾಯಿತು. ಅದೇ ವರ್ಷದ ಕೊನೆಗೆ ಲೋಕಸಭಾ ಚುನಾವಣೆ. ಎಂಬತ್ತೇಳರ ವಯಸ್ಸಿನ ಶಿವರಾಮ ಕಾರಂತರು ಕೈಗಾ ಬೇಡವೆನ್ನುವ ಒಂದೇ ಮಾತನ್ನು ಹಿಡಿದು ಕೆನರಾ ಕ್ಷೇತ್ರದಿಂದ ಸ್ಪರ್ಧಿಸಿದರು. ಅವರು ಗೆಲ್ಲಲಿಲ್ಲ. ಆದರೆ ಕಾರವಾರ, ಶಿರಸಿ, ಯಲ್ಲಾಪುರದ ಸಭೆಗಳಿಂದ ಹಿಡಿದು ಬೆಂಗಳೂರಿನ ಪತ್ರಿಕೆಗಳವರೆಗೆ ವಿಕಿರಣ ಎಂಬ ಪದ ಮನೆಮಾತಾಯಿತು. ನಾಗೇಶ ಹೆಗಡೆಯವರಂಥ ವಿಜ್ಞಾನ ಲೇಖಕರು ಅದನ್ನು ಕನ್ನಡದಲ್ಲೇ ಬಿಡಿಸಿ ಹೇಳತೊಡಗಿದರು.

ವಾದ ಎರಡೂ ಕಡೆ ಗಟ್ಟಿಯಾಗಿತ್ತು. ಮಣ್ಣಿನಿಂದ, ಬಂಡೆಯಿಂದ, ಆಕಾಶದಿಂದ ದಿನವೂ ಬರುವ ವಿಕಿರಣದ ಮುಂದೆ ಸ್ಥಾವರದ್ದು ತೀರ ಅಲ್ಪ ಎಂದು ಪರ ಇದ್ದವರು ಹೇಳುತ್ತಿದ್ದರು. ಅಲ್ಪವಾದರೂ ಅದು ಹೆಚ್ಚುವರಿ ಹೊರೆ, ಅದನ್ನು ನಮ್ಮ ಮೇಲೆ ಹೇರಲು ನೀವು ಯಾರು ಎಂದು ವಿರೋಧಿಗಳು ಕೇಳುತ್ತಿದ್ದರು. ಈ ಜಗಳ ಅಂಕಿಗಳ ಮೇಲೆ ನಡೆಯಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕಿತ್ತು. ಸ್ಥಾವರ ಉರಿಯುವುದಕ್ಕೆ ಮುಂಚೆ ಈ ನೆಲದಲ್ಲಿ ಗಂಟೆಗೆ ಎಷ್ಟು ವಿಕಿರಣವಿತ್ತು?

ಆ ಉತ್ತರ ಹುಡುಕಲು ಹೊರಟವರು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು. ವಿಶ್ವವಿದ್ಯಾಲಯ ಆರಂಭವಾಗಿದ್ದೇ 1980ರಲ್ಲಿ. ಪ್ರೊ. ಕೆ. ಸಿದ್ದಪ್ಪನವರ ಮುಂದಾಳತ್ವದಲ್ಲಿ ಎ.ಪಿ. ರಾಧಾಕೃಷ್ಣ, ಎಚ್.ಎಂ. ಸೋಮಶೇಖರಪ್ಪ, ವೈ. ನಾರಾಯಣ, ಎನ್. ಕರುಣಾಕರ ಮೊದಲಾದವರು ಕರಾವಳಿ ಕರ್ನಾಟಕ ಮತ್ತು ಕೈಗಾ ಸುತ್ತಲಿನ ಕಾಡು, ಗದ್ದೆ, ನದಿದಂಡೆಗಳಲ್ಲಿ ಅಳತೆ ಮಾಡುತ್ತಾ ಹೋದರು. ಕಾಡಿನಿಂದ ಮಣ್ಣು, ಪಾಚಿ, ಎಲೆಗಳನ್ನು ಚೀಲಕ್ಕೆ ತುಂಬಿ ತಂದು ಒಣಗಿಸಿ, ಪುಡಿಮಾಡಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಪ್ರಯೋಗಾಲಯದ ಗಾಮಾ ರೋಹಿತಮಾಪಕದ ಮುಂದೆ ಗಂಟೆಗಟ್ಟಲೆ ಇಡುವ ಕೆಲಸ ಅದು. ಇನ್ನೊಂದು ಕೆಲಸ ಜಾಗದಲ್ಲೇ ಮುಗಿಯುವಂಥದ್ದು. ಕೈಯಲ್ಲಿ ಹಿಡಿಯಬಹುದಾದ ಸಿಂಟಿಲೋಮೀಟರನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿದು ಓದುವುದು.

ಇಂಥ ಉಪಕರಣಗಳು ಅಂಕಿ ತೋರಿಸುತ್ತಿದ್ದುದು ಗಂಟೆಗೆ ಇಷ್ಟು ಮೈಕ್ರೊರಾಂಟ್‌ಜೆನ್ ಎಂದು. ಪ್ರಬಂಧದಲ್ಲಿ ಅಚ್ಚಾಗಬೇಕಿದ್ದುದು ಗಂಟೆಗೆ ಇಷ್ಟು ನ್ಯಾನೊಗ್ರೇ ಎಂದು. ನಡುವೆ ಒಂದು ಗುಣಾಕಾರ: ಒಂದು ಮೈಕ್ರೊರಾಂಟ್‌ಜೆನ್ ಎಂದರೆ 8.7 ನ್ಯಾನೊಗ್ರೇ. ಕರ್ನಾಟಕದ ಹಿನ್ನೆಲೆ ವಿಕಿರಣದ ಬಗ್ಗೆ ಬಂದ ಪ್ರಬಂಧಗಳಲ್ಲಿ ಈ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ನೋಡಲು ಅದು ಬರೀ ಮಗ್ಗಿ. ಆದರೆ ಆ 8.7 ಹುಟ್ಟಿದ ಕಥೆ ಅರ್ಧ ಶತಮಾನಕ್ಕಿಂತ ಉದ್ದವಾದದ್ದು.

ಸಕಲೇಶಪುರದಿಂದ ಮಾರನಹಳ್ಳಿಯವರೆಗಿನ ಯಾವ ಕಾಫಿ ತೋಟಕ್ಕೆ ಹೋದರೂ ಅಂಗಳದಲ್ಲಿ ಮಳೆಮಾಪಕ ಇರುತ್ತದೆ. ಲೆಕ್ಕ ಇಂದಿಗೂ ಇಂಚು, ಸೆಂಟುಗಳಲ್ಲಿ. ಹವಾಮಾನ ಇಲಾಖೆಯದು ಮಿಲಿಮೀಟರ್. ಇಂಚನ್ನು 25.4ರಿಂದ ಗುಣಿಸಿದರೆ ಮುಗಿಯಿತು, ಮಳೆ ಅದೇ ಮಳೆ. ವಿಕಿರಣದ ಮಾನಗಳಲ್ಲಿಯೂ ಇಂಥ ಸಲೀಸು ಜೋಡಿಗಳಿವೆ. ಹಳೆಯ ರ‍್ಯಾಡ್ ನೂರು ಸೇರಿದರೆ ಒಂದು ಗ್ರೇ. ಹಳೆಯ ರೆಮ್ ನೂರು ಸೇರಿದರೆ ಒಂದು ಸೀವರ್ಟ್. ಗಂಟೆಗೆ ಒಂದು ಮೈಕ್ರೊಗ್ರೇ ಎಂದರೆ ಗಂಟೆಗೆ 0.1 ಮಿಲಿರ‍್ಯಾಡ್, ಅದರಲ್ಲಿ ವಾದಕ್ಕೆ ಜಾಗವಿಲ್ಲ. ರಾಂಟ್‌ಜೆನ್‌ನಿಂದ ಗ್ರೇಗೆ ಹೋಗುವುದು ಹಾಗಲ್ಲ. ಅಲ್ಲಿ ಮಾನದ ಜೊತೆಗೆ ಅಳೆಯುವ ವಸ್ತುವೇ ಬದಲಾಗುತ್ತದೆ.

ವಿಲ್‌ಹೆಲ್ಮ್ ರಾಂಟ್‌ಜೆನ್ 1895ರಲ್ಲಿ ಎಕ್ಸ್‌ಕಿರಣ ಕಂಡುಹಿಡಿದ ಕೆಲವೇ ತಿಂಗಳಲ್ಲಿ ಆಸ್ಪತ್ರೆಗಳು ಅದನ್ನು ಬಳಸತೊಡಗಿದವು. ಎಷ್ಟು ಕೊಟ್ಟರೆ ಸಾಕು, ಎಷ್ಟು ಕೊಟ್ಟರೆ ಅತಿ ಎಂದು ತಿಳಿಯಲು ವೈದ್ಯರ ಬಳಿ ಇದ್ದ ಅಳತೆಗೋಲು ಚರ್ಮವೇ. ಚರ್ಮ ಕೆಂಪೇರುವಷ್ಟು ಕಿರಣವನ್ನು ಒಂದು ಡೋಸ್ ಎಂದು ಲೆಕ್ಕ ಹಿಡಿಯುತ್ತಿದ್ದರು. ಒಬ್ಬರ ಚರ್ಮ ಬೇಗ ಕೆಂಪಾಗುತ್ತದೆ, ಇನ್ನೊಬ್ಬರದು ತಡವಾಗಿ. ಹಾಗಾಗಿ ಒಂದು ಆಸ್ಪತ್ರೆಯ ಡೋಸ್ ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಈ ಗೊಂದಲ ಬಿಡಿಸಲು 1925ರಲ್ಲಿ ಲಂಡನ್ನಿನಲ್ಲಿ ಸೇರಿದ ವಿಕಿರಣ ವೈದ್ಯರ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ಒಂದು ಆಯೋಗ ರಚಿಸಿತು. 1928ರ ಸ್ಟಾಕ್‌ಹೋಮ್ ಸಮ್ಮೇಳನದಲ್ಲಿ ರಾಂಟ್‌ಜೆನ್ ಎಂಬ ಮಾನಕ್ಕೆ ಒಪ್ಪಿಗೆ ಸಿಕ್ಕಿತು.

ರಾಂಟ್‌ಜೆನ್ ಅಳೆಯುವುದು ಗಾಳಿಯನ್ನು. ಎಕ್ಸ್ ಅಥವಾ ಗಾಮಾ ಕಿರಣ ಗಾಳಿಯ ಮೂಲಕ ಹಾದಾಗ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಹೋಗಿ ವಿದ್ಯುದಂಶ ಹುಟ್ಟುತ್ತದೆ. ಆ ವಿದ್ಯುದಂಶ ಎಷ್ಟು ಎಂಬುದೇ ರಾಂಟ್‌ಜೆನ್. ಇಂದಿನ ಭಾಷೆಯಲ್ಲಿ ಒಂದು ಕಿಲೋ ಗಾಳಿಯಲ್ಲಿ 0.000258 ಕೂಲಂಬ್. ಗಾಳಿ ತುಂಬಿದ ಪೆಟ್ಟಿಗೆಯಲ್ಲಿ ವಿದ್ಯುತ್ ಅಳೆಯುವುದು ಸುಲಭ, ಆದ್ದರಿಂದ ಮಾನ ಬೇಗ ಹಬ್ಬಿತು. ಆದರೆ ರೋಗಿಯ ಗೆಡ್ಡೆ ಗಾಳಿಯಲ್ಲ. ಮೂಳೆ, ಮಾಂಸ, ಕೊಬ್ಬು ಒಂದೇ ಕಿರಣದಿಂದ ಬೇರೆ ಬೇರೆ ಪ್ರಮಾಣದ ಶಕ್ತಿ ಹೀರುತ್ತವೆ. ನ್ಯೂಟ್ರಾನ್‌ಗಳಿಗಂತೂ ರಾಂಟ್‌ಜೆನ್ ಅನ್ವಯಿಸುವುದೇ ಇಲ್ಲ.

ಇಲ್ಲಿ ಬರುತ್ತಾರೆ ಇಂಗ್ಲೆಂಡಿನ ಲೂಯಿಸ್ ಹೆರಾಲ್ಡ್ ಗ್ರೇ. 1930ರ ದಶಕದಲ್ಲಿ ಅವರು ಕೇಳಿದ ಪ್ರಶ್ನೆ ನೇರವಾದದ್ದು: ಗಾಳಿಯಲ್ಲಿ ಎಷ್ಟು ವಿದ್ಯುತ್ ಹುಟ್ಟಿತು ಎನ್ನುವುದಕ್ಕಿಂತ ವಸ್ತುವಿನ ಒಂದೊಂದು ಗ್ರಾಂ ಎಷ್ಟು ಶಕ್ತಿ ಹೀರಿತು ಎಂದು ಯಾಕೆ ಅಳೆಯಬಾರದು? ವಸ್ತುವಿನೊಳಗೆ ಒಂದು ಪುಟ್ಟ ಗಾಳಿಗೂಡು ಮಾಡಿ, ಅಲ್ಲಿ ಹುಟ್ಟುವ ವಿದ್ಯುದಂಶದಿಂದ ಸುತ್ತಲಿನ ವಸ್ತು ಹೀರಿದ ಶಕ್ತಿಯನ್ನು ಲೆಕ್ಕ ಹಾಕುವ ವಿಧಾನವನ್ನು ಅವರು ರೂಪಿಸಿದರು. 1953ರಲ್ಲಿ ಆಯೋಗ ಈ ದಾರಿಗೆ ಬಂತು. ಒಂದು ಗ್ರಾಂ ವಸ್ತು ನೂರು ಅರ್ಗ್ ಶಕ್ತಿ ಹೀರಿದರೆ ಒಂದು ರ‍್ಯಾಡ್ ಎಂದಾಯಿತು. ಗ್ರೇ 1965ರಲ್ಲಿ ತೀರಿಕೊಂಡರು. ಹತ್ತು ವರ್ಷದ ಬಳಿಕ, 1975ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಒಂದು ಕಿಲೋ ವಸ್ತು ಒಂದು ಜೂಲ್ ಹೀರುವುದನ್ನು ಗ್ರೇ ಎಂದು ಕರೆಯಿತು. 1979ರಲ್ಲಿ ಸ್ವೀಡನ್ನಿನ ರೋಲ್ಫ್ ಸೀವರ್ಟ್ ಹೆಸರಿನ ಮಾನವೂ ಸೇರಿತು. ಹೀರಿದ ಶಕ್ತಿ ಒಂದೇ ಆದರೂ ಆಲ್ಫಾ ಕಣದ ಹಾನಿ ಹೆಚ್ಚು, ಗಾಮಾದ್ದು ಕಡಿಮೆ. ದೇಹದ ಒಂದು ಅಂಗ ಸೂಕ್ಷ್ಮ, ಇನ್ನೊಂದು ಗಟ್ಟಿ. ಆ ತಾರತಮ್ಯವನ್ನೆಲ್ಲ ಸೇರಿಸಿ ಮನುಷ್ಯನ ಮೇಲಿನ ಅಪಾಯಕ್ಕೆ ಹೊಂದಿಸಿದ ಅಂಕಿ ಸೀವರ್ಟ್.

ಈಗ 8.7ಕ್ಕೆ ಬರಬಹುದು. ಗಾಳಿಯಲ್ಲಿ ಒಂದು ಕೂಲಂಬ್ ವಿದ್ಯುದಂಶ ಹುಟ್ಟಿಸಲು ಎಷ್ಟು ಜೂಲ್ ಶಕ್ತಿ ಬೇಕು ಎಂಬುದು ಪ್ರಯೋಗದಿಂದ ಸಿಗಬೇಕಾದ ಅಂಕಿ. ಬಹಳ ಕಾಲ ಅದನ್ನು 33.7 ಎಂದು ಹಿಡಿದಿದ್ದರು. 0.000258ನ್ನು 33.7ರಿಂದ ಗುಣಿಸಿದರೆ ಒಂದು ರಾಂಟ್‌ಜೆನ್‌ಗೆ 0.0087 ಗ್ರೇ ಸಿಗುತ್ತದೆ. 1980ರ ದಶಕದಲ್ಲಿ ಇನ್ನೂ ನಿಖರವಾಗಿ ಅಳೆದು 33.97 ಎಂದು ತಿದ್ದಿದಾಗ ಉತ್ತರ 0.00876 ಆಯಿತು. ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಬಯಲಲ್ಲಿ ಹಿಡಿದು ಓದುವ ಉಪಕರಣದ ಅನಿಶ್ಚಿತತೆ ಅದಕ್ಕಿಂತ ದೊಡ್ಡದು. ಹಾಗಾಗಿ ಬಯಲಿನ ಕೆಲಸದಲ್ಲಿ 8.7 ಉಳಿದುಕೊಂಡಿತು.

ಸಿಂಟಿಲೋಮೀಟರ್ ಗಂಟೆಗೆ 10 ಮೈಕ್ರೊರಾಂಟ್‌ಜೆನ್ ತೋರಿಸಿತು ಎಂದುಕೊಳ್ಳೋಣ. ಅಂದರೆ ಅಲ್ಲಿನ ಗಾಳಿ ಗಂಟೆಗೆ 87 ನ್ಯಾನೊಗ್ರೇ ಹೀರುತ್ತಿದೆ. ವರ್ಷಕ್ಕೆ 8,760 ಗಂಟೆ, ಒಟ್ಟು 762 ಮೈಕ್ರೊಗ್ರೇ. ಇದು ಇನ್ನೂ ಗಾಳಿಯ ಲೆಕ್ಕ. ಮನುಷ್ಯನ ದೇಹಕ್ಕೆ ಇಳಿಸಲು ವಿಶ್ವಸಂಸ್ಥೆಯ ವಿಕಿರಣ ವೈಜ್ಞಾನಿಕ ಸಮಿತಿ ಕೊಟ್ಟ 0.7ರಿಂದ ಗುಣಿಸಬೇಕು. ಜನ ದಿನದ ಐದನೇ ಒಂದು ಪಾಲು ಮಾತ್ರ ಹೊರಗಿರುತ್ತಾರೆ ಎಂದು ಅದೇ ಸಮಿತಿ ಹಿಡಿಯುತ್ತದೆ, ಆದ್ದರಿಂದ 0.2ರಿಂದಲೂ ಗುಣಿಸಬೇಕು. ಕೊನೆಗೆ ಉಳಿಯುವುದು ವರ್ಷಕ್ಕೆ ಸುಮಾರು 0.11 ಮಿಲಿಸೀವರ್ಟ್. ದಿನವಿಡೀ ಗದ್ದೆ ತೋಟದಲ್ಲಿ ದುಡಿಯುವವರಿಗೆ ಆ 0.2 ಹೊಂದುತ್ತದೆಯೇ ಎಂದು ಯಾರಾದರೂ ಕೇಳಿದರೆ ಪ್ರಶ್ನೆ ಸರಿಯಾದದ್ದೇ.

ಲೆಕ್ಕವನ್ನು ಮಣ್ಣಿನಿಂದಲೂ ಹತ್ತಬಹುದು. ಒಂದು ಕಿಲೋ ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ ಸರಣಿ ಮತ್ತು ಪೊಟ್ಯಾಸಿಯಂ ಎಷ್ಟೆಷ್ಟು ಬೆಕ್ವೆರೆಲ್ (ಸೆಕೆಂಡಿಗೆ ಒಡೆಯುವ ಪರಮಾಣುಗಳ ಎಣಿಕೆ) ಇದೆ ಎಂದು ಪ್ರಯೋಗಾಲಯದಲ್ಲಿ ತಿಳಿದರೆ ಅವನ್ನು ಕ್ರಮವಾಗಿ 0.462, 0.604, 0.0417ರಿಂದ ಗುಣಿಸಿ ಕೂಡಿಸುವುದು. ಜಗತ್ತಿನ ಸಾಮಾನ್ಯ ಮಣ್ಣಿನ 35, 30, 400 ಎಂಬ ಅಂಕಿಗಳನ್ನು ಹಾಕಿದರೆ ಗಂಟೆಗೆ ಸುಮಾರು 51 ನ್ಯಾನೊಗ್ರೇ ಬರುತ್ತದೆ. ಮಣ್ಣಿನ ಲೆಕ್ಕವೂ ಸಿಂಟಿಲೋಮೀಟರಿನ ಓದೂ ಹತ್ತಿರ ಬಂದರೆ ಎರಡರ ಮೇಲೂ ನಂಬಿಕೆ ಹುಟ್ಟುತ್ತದೆ. ಮೂರನೆಯ ಸಾಕ್ಷಿಯಾಗಿ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳಿದ್ದವು. ಇವನ್ನು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಇಟ್ಟು, ಆಮೇಲೆ ಬಿಸಿ ಮಾಡಿದರೆ ಕೂಡಿಟ್ಟ ಶಕ್ತಿ ಬೆಳಕಾಗಿ ಹೊರಬರುತ್ತದೆ. ಮೂರು ತಿಂಗಳ ಒಟ್ಟು ಡೋಸನ್ನು 2,160 ಗಂಟೆಗಳಿಂದ ಭಾಗಿಸಿದರೆ ಅಲ್ಲಿನ ಸರಾಸರಿ ದರ.

ಕೈಗಾ ಕಾಡಿನ ಮಾದರಿಗಳಲ್ಲಿ ಸೀಸಿಯಂ-137 ಕೂಡ ಸಿಕ್ಕಿತು. ಸ್ಥಾವರ ಉರಿಯದೆಯೇ ಅದು ಅಲ್ಲಿಗೆ ಬಂದದ್ದು ಹೇಗೆ? ಮುಖ್ಯವಾಗಿ 1950 ಮತ್ತು 60ರ ದಶಕಗಳಲ್ಲಿ ದೊಡ್ಡ ದೇಶಗಳು ಬಯಲಲ್ಲಿ ಸಿಡಿಸಿದ ಅಣುಬಾಂಬುಗಳ ಧೂಳು ಮಳೆಯೊಂದಿಗೆ ಭೂಮಿಯ ಮೇಲೆಲ್ಲ ಇಳಿದಿತ್ತು. ಸೀಸಿಯಂ ಅರ್ಧವಾಗಲು ಮೂವತ್ತು ವರ್ಷ ಬೇಕು. ಈ ಅಳತೆ ಮೊದಲೇ ಆಗಿರದಿದ್ದರೆ ಮುಂದೆ ಕಂಡ ಪ್ರತಿಯೊಂದು ಸೀಸಿಯಂ ಕಣದ ಹೊಣೆಯನ್ನೂ ಒಂದು ಕಡೆಯವರು ಕೈಗಾದ ತಲೆಗೆ ಕಟ್ಟುತ್ತಿದ್ದರು, ಇನ್ನೊಂದು ಕಡೆಯವರು ಪೂರ್ತಿ ತಳ್ಳಿಹಾಕುತ್ತಿದ್ದರು.

ಸಮೀಕ್ಷೆಯ ದೊಡ್ಡ ಅಚ್ಚರಿ ಮಾತ್ರ ಕೈಗಾದಲ್ಲಿ ಸಿಗಲಿಲ್ಲ, ವಿಶ್ವವಿದ್ಯಾಲಯದ ಬಾಗಿಲಲ್ಲೇ ಸಿಕ್ಕಿತು. ನೇತ್ರಾವತಿ ಸಮುದ್ರ ಸೇರುವ ಅಳಿವೆಯ ದಕ್ಷಿಣ ದಂಡೆಯ ಉಳ್ಳಾಲದ ಕಡಲತೀರದಲ್ಲಿ ಅಂಕಿ ಏರಿತು. ರಾಧಾಕೃಷ್ಣ, ಸೋಮಶೇಖರಪ್ಪ, ನಾರಾಯಣ ಮತ್ತು ಸಿದ್ದಪ್ಪ 1993ರಲ್ಲಿ ಹೆಲ್ತ್ ಫಿಸಿಕ್ಸ್ ಪತ್ರಿಕೆಯಲ್ಲಿ ಭಾರತದ ನೈಋತ್ಯ ಕರಾವಳಿಯ ಹೊಸ ಅಧಿಕ ಹಿನ್ನೆಲೆ ವಿಕಿರಣ ಪ್ರದೇಶವೆಂದು ಅದನ್ನು ಜಗತ್ತಿಗೆ ತಿಳಿಸಿದರು. ಕಾರಣ ಮರಳಿನಲ್ಲಿದ್ದ ಮೋನಜೈಟ್, ಥೋರಿಯಂ ಹೊತ್ತ ಭಾರವಾದ ಖನಿಜ. ಕೇರಳ ಮತ್ತು ಕನ್ಯಾಕುಮಾರಿ ಕಡೆಯ ಮೋನಜೈಟ್ 1909ರಿಂದಲೇ ಹೆಸರಾಗಿತ್ತು. ತೆಂಗಿನ ನಾರಿಗೆ ಅಂಟಿಕೊಂಡು ಬಂದ ಮರಳಿನಲ್ಲಿ ಜರ್ಮನಿಯ ಶೋಂಬರ್ಗ್ ಅದನ್ನು ಗುರುತಿಸಿದ್ದ. ಕರ್ನಾಟಕದ ತೀರದಲ್ಲಿಯೂ ಅಂಥ ತುಣುಕು ಇದೆ ಎಂಬುದು ಹೊಸ ಸುದ್ದಿ.

ಉಳ್ಳಾಲದ ಮರಳು ಉಳ್ಳಾಲದಲ್ಲಿ ಹುಟ್ಟಿದ್ದಲ್ಲ. ತೀರದ ಭಾರ ಖನಿಜಗಳು ಒಳನಾಡಿನ ಹಳೆಯ ಶಿಲೆಗಳು ಸವೆದು ಬಂದ ಕಣಗಳು; ಅವನ್ನು ಹೊತ್ತು ತಂದದ್ದು ನದಿಗಳು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯಲ್ಲಿ ಇಳಿಯುವ ಹೆದ್ದಾರಿಯ ಪಕ್ಕದಲ್ಲೇ ಹರಿಯುವ ಕೆಂಪುಹೊಳೆ ಗುಂಡ್ಯದ ಕಡೆ ಸಾಗಿ, ಕುಮಾರಧಾರೆಯ ಪಾಲಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ. ಘಟ್ಟದಲ್ಲಿ ಕಣ ಬಂಡೆಯೊಳಗೆ ಚದುರಿರುತ್ತದೆ, ಹಾಗಾಗಿ ಡೋಸ್ ದರ ಸಾಮಾನ್ಯವಾಗಿರುತ್ತದೆ. ಹೊಳೆ ಅದನ್ನು ತೊಳೆದು ಕೆಳಗೆ ಒಯ್ಯುತ್ತದೆ. ತೀರದಲ್ಲಿ ಅಲೆ ಹಗುರ ಮರಳನ್ನು ಹಿಂದಕ್ಕೆಳೆದು ಭಾರದ್ದನ್ನು ಬಿಟ್ಟು ಹೋಗುತ್ತದೆ, ಅದು ಪಟ್ಟೆ ಪಟ್ಟೆಯಾಗಿ ಕೂರುತ್ತದೆ. ಸಿಂಟಿಲೋಮೀಟರ್ ಹಿಡಿದು ಕೆಲವು ಹೆಜ್ಜೆ ನಡೆದರೆ ಅಂಕಿ ಏರಿಳಿಯುವುದು ಇದರಿಂದಲೇ. ಒಂದೇ ಊರಿಗೆ ಒಂದೇ ಡೋಸ್ ದರ ಎನ್ನುವುದು ಇಲ್ಲಿ ನಡೆಯುವುದಿಲ್ಲ. ಮಂಗಳೂರಿನ ತಂಡ ಮುಂದೆ ಶರಾವತಿ, ಕಾಳಿ, ನೇತ್ರಾವತಿ ನದಿಗಳ ದಾರಿಯನ್ನೂ ಅಳೆಯಿತು, ವೈ. ನಾರಾಯಣ ಅವರ ಬಳಗ ಘಟ್ಟ ಹತ್ತಿ ಹಾಸನ ಜಿಲ್ಲೆಯ ಮಣ್ಣನ್ನೂ ಪರೀಕ್ಷಿಸಿತು. ಮೈಸೂರು ನಗರದ ಹಿನ್ನೆಲೆ ವಿಕಿರಣವನ್ನು ಮೈಸೂರು ವಿಶ್ವವಿದ್ಯಾಲಯದವರು ಅಳೆದರು.

ಉಳ್ಳಾಲದ ಅಂಕಿ ಕೈಗಾ ವಾದದ ಎರಡೂ ಕಡೆಯವರಿಗೆ ಬೇಕಾದ ಆಯುಧವಾಗಬಹುದಿತ್ತು. ನಿಸರ್ಗದಲ್ಲೇ ಇಷ್ಟಿದ್ದರೂ ಜನ ಬದುಕಿಲ್ಲವೇ ಎಂದು ಒಬ್ಬರು ಹೇಳಬಹುದು. ಇರುವುದೇ ಸಾಲದೆ ಇನ್ನಷ್ಟು ಯಾಕೆ ಎಂದು ಇನ್ನೊಬ್ಬರು ಕೇಳಬಹುದು. ವಿಜ್ಞಾನಿಗಳಲ್ಲೂ ಒಮ್ಮತ ಇರಲಿಲ್ಲ, ಇವತ್ತಿಗೂ ಪೂರ್ತಿ ಇಲ್ಲ. ಡೋಸ್ ಎಷ್ಟು ಕಡಿಮೆಯಾದರೂ ಅಪಾಯ ಅದೇ ಅನುಪಾತದಲ್ಲಿ ಉಳಿಯುತ್ತದೆ ಎಂಬ ನೇರರೇಖೆಯ ಸಿದ್ಧಾಂತವನ್ನು ಅಮೆರಿಕದ ವಿಜ್ಞಾನ ಅಕಾಡೆಮಿಯ ಸಮಿತಿ 2006ರ ವರದಿಯಲ್ಲಿ ಎತ್ತಿಹಿಡಿಯಿತು. ಅದಕ್ಕೆ ಒಂದು ವರ್ಷ ಮುಂಚೆ ಫ್ರಾನ್ಸಿನ ಅಕಾಡೆಮಿಗಳು ಅದೇ ಸಿದ್ಧಾಂತವನ್ನು ಪ್ರಶ್ನಿಸಿದ್ದವು. ಕೇರಳದ ಕರುನಾಗಪ್ಪಳ್ಳಿಯಲ್ಲಿ ಸುಮಾರು 70 ಸಾವಿರ ಜನರನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಮೋನಜೈಟ್ ಮರಳಿನ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ ಗುರುತು ಸಿಗಲಿಲ್ಲ ಎಂದು ಅದು ಹೇಳಿತು. ಸಣ್ಣ ಅಪಾಯವನ್ನು ಹಿಡಿಯಲು ಆ ಸಂಖ್ಯೆಯೂ ಸಾಲದು ಎಂಬ ಆಕ್ಷೇಪ ಉಳಿಯಿತು. ನಿಯಂತ್ರಣ ಮಂಡಳಿಗಳು ಮಾತ್ರ ಎಚ್ಚರಿಕೆಯ ಕಡೆ ವಾಲಿ ನೇರರೇಖೆಯನ್ನೇ ಹಿಡಿದುಕೊಂಡಿವೆ.

ಉಳ್ಳಾಲದ ಪ್ರಬಂಧ ಬಂದ ಮರುವರ್ಷವೇ ಕೈಗಾದಲ್ಲಿ ಒಂದು ಆಘಾತ. 1994ರ ಮೇ 13ರಂದು ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರ ಬಿಟ್ಟು ಕುಸಿಯಿತು. ಸುಮಾರು 130 ಟನ್ ಕಾಂಕ್ರೀಟು ಬಿದ್ದು 14 ಕಾರ್ಮಿಕರು ಗಾಯಗೊಂಡರು. ಇಂಧನ ಇನ್ನೂ ಒಳಗೆ ಬಂದಿರಲಿಲ್ಲ, ಆದ್ದರಿಂದ ವಿಕಿರಣದ ಮಾತಿರಲಿಲ್ಲ. ಆದರೆ ವಿಕಿರಣವನ್ನು ಒಳಗೇ ಹಿಡಿದಿಡಬೇಕಾದ ಗೋಡೆಯೇ ಬಿದ್ದಿತ್ತು. ಗುಮ್ಮಟದ ವಿನ್ಯಾಸ ಬದಲಾಯಿತು, ಕೆಲಸ ವರ್ಷಗಟ್ಟಲೆ ತಡವಾಯಿತು. ಎರಡನೇ ಘಟಕ 1999ರ ಸೆಪ್ಟೆಂಬರಿನಲ್ಲಿ ಮೊದಲು ಚಾಲೂ ಆಯಿತು, ಒಂದನೇ ಘಟಕ ಒಂದು ವರ್ಷದ ನಂತರ. ಮೂರನೆಯದು 2007ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂತು.

ಗಂಟೆಗೆ ಇಷ್ಟು ನ್ಯಾನೊಗ್ರೇ ಎಂದು ಹೊರಗಿನ ಗಾಮಾವನ್ನು ಅಳೆಯುವ ಜಾಲ ಸಿದ್ಧವಾಗಿತ್ತು. 2009ರಲ್ಲಿ ಬಂದ ಪರೀಕ್ಷೆ ಆ ಜಾಲದ ಹೊರಗಿನದಾಗಿತ್ತು.

ಆ ವರ್ಷ ನವೆಂಬರ್ 24ರಂದು ಒಂದನೇ ಘಟಕದ ಸಿಬ್ಬಂದಿಯ ಮೂತ್ರದ ಮಾಮೂಲಿ ತಪಾಸಣೆಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಘಟಕ ವಾರ್ಷಿಕ ನಿರ್ವಹಣೆಗಾಗಿ ನಿಂತಿತ್ತು. ನಾಲ್ಕೈದು ದಿನದಲ್ಲಿ ಸುದ್ದಿ ಹೊರಬಂದಾಗ ಐವತ್ತಕ್ಕೂ ಹೆಚ್ಚು ಮಂದಿಯ ದೇಹದಲ್ಲಿ ಟ್ರಿಟಿಯಂ ಸೇರಿದೆ ಎಂದು ಗೊತ್ತಾಯಿತು. ಸ್ಥಾವರದಲ್ಲಿ ಸೋರಿಕೆ ಕಾಣಲಿಲ್ಲ. ಹುಡುಕುತ್ತಾ ಹೋದವರು ಕೊನೆಗೆ ತಲುಪಿದ್ದು ಕೆಲಸದ ಜಾಗದಲ್ಲಿದ್ದ ಒಂದು ಕುಡಿಯುವ ನೀರಿನ ಕೂಲರ್‌ಗೆ. ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಅದಕ್ಕೆ ಬೆರೆಸಿದ್ದರು. ನಿವೃತ್ತಿಗೆ ದಿನ ಎಣಿಸುತ್ತಿದ್ದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಇದು ದುರುದ್ದೇಶದ ಕೃತ್ಯ ಎಂದರು. ಪೊಲೀಸರೂ ತನಿಖೆಗೆ ಬಂದರು.

ಟ್ರಿಟಿಯಂ ಎಂದರೆ ಜಲಜನಕದ ಮೂರನೇ ರೂಪ. ಕೈಗಾದಂಥ ರಿಯಾಕ್ಟರುಗಳು ಭಾರಜಲ ಬಳಸುತ್ತವೆ; ಅದರೊಳಗಿನ ಭಾರ ಜಲಜನಕ ನ್ಯೂಟ್ರಾನ್ ನುಂಗಿದಾಗ ಟ್ರಿಟಿಯಂ ಹುಟ್ಟುತ್ತದೆ. ಅದು ಸೂಸುವ ಬೀಟಾ ಕಣ ಎಷ್ಟು ದುರ್ಬಲವೆಂದರೆ ಗಾಳಿಯಲ್ಲಿ ಹೆಚ್ಚೆಂದರೆ ಆರು ಮಿಲಿಮೀಟರ್ ಹೋದೀತು, ಚರ್ಮದ ಹೊರಪದರವನ್ನೂ ದಾಟಲಾರದು. ಸಿಂಟಿಲೋಮೀಟರ್ ಕೂಲರಿನ ಪಕ್ಕದಲ್ಲೇ ಹಿಡಿದರೂ ಸೂಚಿ ಕದಲುವುದಿಲ್ಲ. ಕುಡಿದರೆ ಮಾತ್ರ ಅದು ಮೈಯ ನೀರಿನೊಂದಿಗೆ ಬೆರೆತು ಎಲ್ಲ ಅಂಗಗಳಿಗೂ ಹಂಚಿಹೋಗುತ್ತದೆ. ಆಗ ಗೊತ್ತಾಗುವುದು ಮೂತ್ರದ ಮಾದರಿಯಿಂದಲೇ. ಅಲ್ಲಿನ ಅಂಕಿ ಲೀಟರಿಗೆ ಇಷ್ಟು ಮೈಕ್ರೊಕ್ಯೂರಿ ಎಂದಿರುತ್ತದೆ. ಅದು ಡೋಸ್ ಅಲ್ಲ, ದರವೂ ಅಲ್ಲ. ಒಂದು ಲೀಟರಿನಲ್ಲಿ ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತಿವೆ ಎಂಬ ಎಣಿಕೆ.

ಅದನ್ನು ಡೋಸ್ ದರಕ್ಕೆ ತರುವ ಬಗೆ ಹೀಗೆ. ಲೀಟರಿಗೆ ಒಂದು ಮೈಕ್ರೊಕ್ಯೂರಿ ಎಂದರೆ 37,000 ಬೆಕ್ವೆರೆಲ್. 70 ಕಿಲೋ ತೂಕದ ದೇಹದಲ್ಲಿ 42 ಲೀಟರ್ ನೀರು ಎಂದರೆ ಒಟ್ಟು ಹದಿನೈದೂವರೆ ಲಕ್ಷ ಬೆಕ್ವೆರೆಲ್. ಒಂದೊಂದು ಒಡೆತಕ್ಕೂ ಸರಾಸರಿ 5.7 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಹೊರಬರುತ್ತದೆ, ಅಷ್ಟೂ ದೇಹದೊಳಗೇ ಉಳಿಯುತ್ತದೆ. ಜೂಲ್‌ಗೆ ತಂದು 70 ಕಿಲೋದಿಂದ ಭಾಗಿಸಿದರೆ ದಿನಕ್ಕೆ ಸುಮಾರು 1.75 ಮೈಕ್ರೊಗ್ರೇ, ಗಂಟೆಗೆ ಸುಮಾರು 73 ನ್ಯಾನೊಗ್ರೇ. ಘಟ್ಟದಲ್ಲಿ ಒಂದು ಮೀಟರ್ ಎತ್ತರದಲ್ಲಿ ಹಿಡಿದ ಉಪಕರಣ ತೋರಿಸಬಹುದಾದ ದರ್ಜೆಯದೇ ಅಂಕಿ ಇದು. ಆದರೆ ಅದು ಸುತ್ತಲಿನ ಗಾಳಿ ಹೀರಿದ್ದು, ಇದು ಒಳಗಿನ ಜೀವಕೋಶ ಹೀರಿದ್ದು.

ದೇಹ ನೀರನ್ನು ಬದಲಿಸುತ್ತಲೇ ಇರುವುದರಿಂದ ಸುಮಾರು ಹತ್ತು ದಿನಕ್ಕೆ ಟ್ರಿಟಿಯಂ ಅರ್ಧವಾಗುತ್ತದೆ. ಹಾಗೆ ಇಳಿಯುತ್ತಾ ಹೋಗುವ ದರವನ್ನು ಕೊನೆವರೆಗೆ ಕೂಡಿದರೆ ಲೀಟರಿಗೆ ಒಂದು ಮೈಕ್ರೊಕ್ಯೂರಿಯಿಂದ ಶುರುವಾದವರಿಗೆ ಒಟ್ಟು ಸುಮಾರು 25 ಮೈಕ್ರೊಗ್ರೇ. ಬೀಟಾ ಕಣದ ಹಾನಿಗೆ ಕೊಡುವ ತೂಕಾಂಕ 1 ಆದ್ದರಿಂದ ಇಲ್ಲಿ ಗ್ರೇ ಮತ್ತು ಸೀವರ್ಟ್ ಅಂಕಿಯಲ್ಲಿ ಸಮ: 0.025 ಮಿಲಿಸೀವರ್ಟ್. ಅಣುಶಕ್ತಿ ನಿಯಂತ್ರಣ ಮಂಡಳಿ ಸಿಬ್ಬಂದಿಗೆ ಇಟ್ಟ ಮಿತಿ ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್, ಐದು ವರ್ಷಕ್ಕೆ 100. ಒಂದೇ ಬಾರಿಗೆ ಕುಡಿದು 30ನ್ನು ಮುಟ್ಟಬೇಕಾದರೆ ಆರಂಭದ ಅಂಕಿ ಲೀಟರಿಗೆ ಸುಮಾರು 1,200 ಮೈಕ್ರೊಕ್ಯೂರಿ ಇರಬೇಕು. ಕೈಗಾದಲ್ಲಿ ಮಿತಿಯ ಗಡಿ ದಾಟಿದವರು ಬೆರಳೆಣಿಕೆಯವರು.

ಚಿಕಿತ್ಸೆಯೂ ಇದೇ ಲೆಕ್ಕದಿಂದ ಹೊಳೆಯುತ್ತದೆ. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟು, ಅರ್ಧವಾಗುವ ಅವಧಿಯನ್ನು ಹತ್ತು ದಿನದಿಂದ ಐದಕ್ಕೆ ಇಳಿಸಿದರೆ ಒಟ್ಟು ಡೋಸೂ ಅರ್ಧಕ್ಕೆ ಇಳಿಯುತ್ತದೆ. ಮಲ್ಲಾಪುರದ ಟೌನ್‌ಶಿಪ್ ಆಸ್ಪತ್ರೆಯಲ್ಲಿ ನಡೆದದ್ದು ಅದೇ.

ಹೊರಗಿನವರಿಗೆ ಈ ಮೆಟ್ಟಿಲುಗಳು ಕಾಣಲಿಲ್ಲ. ಮೈಕ್ರೊಕ್ಯೂರಿ, ಬೆಕ್ವೆರೆಲ್, ಮಿಲಿಸೀವರ್ಟ್ ಎಲ್ಲವೂ ಒಂದೇ ವಾರದಲ್ಲಿ ಓದುಗರ ಮುಂದೆ ಬಂದು ಬಿದ್ದವು. ಐವತ್ತು ಮಿಲಿಸೀವರ್ಟ್ ಅಂದರೆ ಐದು ರೆಮ್ ಎಂಬ ಹಳೆಯ ಮಿತಿ ನೆನಪಿದ್ದವರೂ ಇದ್ದರು. 1990ರಲ್ಲಿ ಅಂತಾರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಸರಾಸರಿ ವರ್ಷಕ್ಕೆ ಇಪ್ಪತ್ತು ಮಿಲಿಸೀವರ್ಟ್ ಎಂದು ಬಿಗಿ ಮಾಡಿದ ಮೇಲೆ ಭಾರತದ ಮಿತಿ ಇಳಿದಿತ್ತು. ಪರಿಸರಕ್ಕೆ ಏನೂ ಸೋರಿಲ್ಲ ಎಂದು ಅಧಿಕಾರಿಗಳು ಹೇಳಿದ್ದು ಗಾಮಾ ಮಾಪಕಗಳ ಮಟ್ಟಿಗೆ ಮಾತ್ರವಲ್ಲ, ಸ್ಥಾವರದ ವ್ಯವಸ್ಥೆಗಳ ಮಟ್ಟಿಗೂ ಸರಿಯಿತ್ತು. ಆದರೆ ಊರವರ ಪ್ರಶ್ನೆ ಬೇರೆಯೇ ಆಗಿತ್ತು. ಬೇಲಿ, ಪಾಸು, ಕಾವಲು ಎಲ್ಲ ದಾಟಿ ಒಳಗಿದ್ದವನೇ ನೀರಿಗೆ ಕೈ ಹಾಕಿದರೆ ತಡೆಯುವವರು ಯಾರು? ಅಣುಸ್ಥಾವರಗಳಿಗೆ ಒಳಗಿನವರಿಂದಲೇ ಬರುವ ಅಪಾಯದ ಚರ್ಚೆಯಲ್ಲಿ ಕೈಗಾದ ಹೆಸರು ಸೇರಿಹೋಯಿತು.

ಒಂದೂವರೆ ವರ್ಷ ಕಳೆಯುವುದರೊಳಗೆ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ. 2011ರ ಮಾರ್ಚಿನಿಂದ ಗಂಟೆಗೆ ಇಷ್ಟು ಮೈಕ್ರೊಸೀವರ್ಟ್ ಎಂಬ ಅಂಕಿ ಕನ್ನಡದ ಟೀವಿ ಪರದೆಯ ಮೇಲೂ ಓಡಿತು. ಗಂಟೆಯ ದರವನ್ನು ವರ್ಷದ ಮಿತಿಯೊಂದಿಗೆ ನೇರವಾಗಿ ಇಟ್ಟು ನೋಡುವ ತಪ್ಪು ಜಗತ್ತಿನಾದ್ಯಂತ ಆಯಿತು. ಗಂಟೆಗೆ ಒಂದು ಮೈಕ್ರೊಸೀವರ್ಟ್ ಇಡೀ ವರ್ಷ ಹಾಗೆಯೇ ಇದ್ದರೆ 8.76 ಮಿಲಿಸೀವರ್ಟ್, ಒಂದೇ ದಿನ ಇದ್ದು ಇಳಿದರೆ 0.024.

ಕೈಗಾ ಮಾತ್ರ ಓಡುತ್ತಲೇ ಇತ್ತು. ನಾಲ್ಕನೇ ಘಟಕ 2011ರ ಜನವರಿಯಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಗುಮ್ಮಟ ಕುಸಿದಿದ್ದ, ಟ್ರಿಟಿಯಂ ಪ್ರಕರಣ ನಡೆದಿದ್ದ ಅದೇ ಒಂದನೇ ಘಟಕ 2016ರ ಮೇನಿಂದ 2018ರ ಕೊನೆಯವರೆಗೆ 962 ದಿನ ಎಡೆಬಿಡದೆ ನಡೆದು ಆ ಹೊತ್ತಿಗೆ ವಿಶ್ವದಾಖಲೆ ಬರೆಯಿತು. 2017ರಲ್ಲಿ ಕೇಂದ್ರ ಸಚಿವ ಸಂಪುಟ ದೇಶದಲ್ಲಿ ಹತ್ತು ಹೊಸ ರಿಯಾಕ್ಟರುಗಳಿಗೆ ಒಪ್ಪಿಗೆ ಕೊಟ್ಟಾಗ ಪಟ್ಟಿಯಲ್ಲಿ ಕೈಗಾದ ಐದು ಮತ್ತು ಆರನೇ ಘಟಕಗಳಿದ್ದವು, ತಲಾ 700 ಮೆಗಾವಾಟ್. ಮರುವರ್ಷ ಸಾರ್ವಜನಿಕ ಅಹವಾಲು ಸಭೆಯಲ್ಲಿ ಕಾರಂತರ ಕಾಲದ ಪ್ರಶ್ನೆಗಳು ಹೊಸ ತಲೆಮಾರಿನ ಬಾಯಲ್ಲಿ ಮತ್ತೆ ಬಂದವು.

ಆ ಪ್ರಶ್ನೆಗಳಿಗೆ ಉತ್ತರಿಸುವಾಗ ಯಾವ ಅಂಕಿಯನ್ನು ಮೂಲವೆಂದು ಹಿಡಿಯಬೇಕು ಎಂಬಲ್ಲಿ ಮಂಗಳೂರು ತಂಡದ ಹಳೆಯ ದುಡಿಮೆಯ ಬೆಲೆ ತಿಳಿಯುತ್ತದೆ. ಈಗ ಕೈಗಾದಲ್ಲಿ ಅಳೆದರೆ ಸಿಗುವುದು ನಾಲ್ಕು ಘಟಕಗಳು ವರ್ಷಗಟ್ಟಲೆ ನಡೆದ ನೆಲದ ಅಂಕಿ. ಸ್ಥಾವರವೇ ಇಲ್ಲದಿದ್ದ ಕಾಳಿ ಕಣಿವೆಯ ಡೋಸ್ ದರವನ್ನು ಇನ್ನೊಮ್ಮೆ ಹೋಗಿ ಓದಲು ಬರುವುದಿಲ್ಲ. 1999ರ ಸೆಪ್ಟೆಂಬರಿಗೆ ಮುಂಚಿನ ಆ ಪ್ರಬಂಧಗಳಲ್ಲಿ ಅದು ಗಂಟೆಗೆ ಇಷ್ಟು ನ್ಯಾನೊಗ್ರೇ ಎಂದು, ಅಳೆದ ಜಾಗ ಮತ್ತು ವಿಧಾನದ ಸಮೇತ ದಾಖಲಾಗಿದೆ. ಐದು, ಆರನೇ ಘಟಕಗಳು ಉರಿಯತೊಡಗಿದ ಮೇಲೆ ಬರುವ ಪ್ರತಿ ಹೊಸ ಅಂಕಿಯನ್ನೂ ಅದರ ಪಕ್ಕದಲ್ಲೇ ಇಟ್ಟು ನೋಡಬೇಕಾಗುತ್ತದೆ.